ಇನ್ನೊಂದು ಅಕ್ಷರ ಕಡಿಮೆ

"ಅಂಕಲ್, ನಲವತ್ತೊಂದು ಸಾಲು ಆಯ್ತು. ಉತ್ತರ ಸರಿ ಬರ್ತಾ ಇದೆ" ಎನ್ನುತ್ತ ಮೇಲಿನ ಮನೆಯ ಹುಡುಗಿ ಲ್ಯಾಪ್‌ಟಾಪನ್ನು ನನ್ನ ಮುಂದೆ ಇಟ್ಟಳು. ಜನವರಿಯ ಒಂದು ಭಾನುವಾರ. ಹನ್ನೊಂದು ಗಂಟೆಯಾಗಿದ್ದರೂ ಲೋಧಿ ಕಾಲೋನಿಯ ನಮ್ಮ ಬ್ಲಾಕಿನ ಅಂಗಳಕ್ಕೆ ಬಿಸಿಲು ಇನ್ನೂ ಇಳಿದಿರಲಿಲ್ಲ. ಕಮಾನಿನ ಕೆಳಗೆ ಕುರ್ಚಿ ಹಾಕಿಕೊಂಡು, ಶಾಲು ಹೊದ್ದು, ಅದಕ್ಕಾಗಿ ಕಾಯುತ್ತಿದ್ದೆವು. ಹುಡುಗಿ ಓದುವುದು ಹತ್ತಿರದಲ್ಲೇ, ಲೋಧಿ ಎಸ್ಟೇಟಿನ ದೆಹಲಿ ಕನ್ನಡ ಶಾಲೆಯಲ್ಲಿ. ಮನೆಯವರು ಧಾರವಾಡದ ಕಡೆಯವರು. ವಾರಕ್ಕೊಂದು ಸಣ್ಣ ಒಗಟು ಕೊಡುವುದು ನನ್ನ ಕೆಲಸ, ಬಿಡಿಸಿಕೊಂಡು ಬರುವುದು ಅವಳದು.

ಆ ವಾರದ ಒಗಟು ಇಷ್ಟೇ. ಕನ್ನಡ ಅಂಕಿಗಳಲ್ಲಿ ೨೦೨೪ ಎಂದು ಬರೆದುಕೊಟ್ಟರೆ ಕಂಪ್ಯೂಟರು ಅದನ್ನು 2024 ಎಂದು ತಿಳಿದು, ಕೂಡಿಸಿ ಕಳೆಯಲು ಬರುವ ಸಂಖ್ಯೆಯಾಗಿ ಮಾಡಿಕೊಳ್ಳಬೇಕು. ಷರತ್ತು ಒಂದೇ: ಪ್ರೋಗ್ರಾಮು ಎಷ್ಟು ಚಿಕ್ಕದಾಗಬಲ್ಲುದೋ ಅಷ್ಟು ಚಿಕ್ಕದಾಗಬೇಕು. ಅವಳು ಪೈಥಾನ್‌ನಲ್ಲಿ ಬರೆದು ತಂದಿದ್ದಳು. ಅಕ್ಷರ ೦ ಆಗಿದ್ದರೆ ಸೊನ್ನೆ, ೧ ಆಗಿದ್ದರೆ ಒಂದು, ೨ ಆಗಿದ್ದರೆ ಎರಡು, ಹೀಗೆ ಹತ್ತು ಸಲ. ಆಮೇಲೆ ಹತ್ತರಿಂದ ಗುಣಿಸಿ ಕೂಡಿಸುವ ಸಾಲುಗಳು.

"ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳಿದೀಯ ನೋಡು" ಎಂದೆ. ಅವಳು ಸುಮ್ಮನೆ ಸ್ವಲ್ಪ ಹೊತ್ತು ಪರದೆ ನೋಡಿದಳು. ಆಮೇಲೆ ಹತ್ತೂ ಅಂಕಿಗಳನ್ನು ಸಾಲಾಗಿ ಒಂದು ಪಟ್ಟಿ ಮಾಡಿ, ಬಂದ ಅಕ್ಷರ ಅದರಲ್ಲಿ ಎಷ್ಟನೆಯದು ಎಂದು ಕೇಳಿಸಿದಳು. ಕಂಪ್ಯೂಟರು ಎಣಿಸುವುದು ಸೊನ್ನೆಯಿಂದ. ಪಟ್ಟಿಯಲ್ಲಿರುವ ಸ್ಥಾನವೇ ಅಂಕಿಯ ಬೆಲೆ. ನಲವತ್ತೊಂದು ಸಾಲು ಆರಕ್ಕೆ ಇಳಿಯಿತು. "ಆ ಪಟ್ಟಿ ನೀನು ಬರೆಯಬೇಕಾ?" ಎಂದು ಕೇಳಿದೆ. ಜಗತ್ತಿನ ಲಿಪಿಗಳಿಗೆಲ್ಲ ನಂಬರು ಕೊಟ್ಟಿರುವ ಯೂನಿಕೋಡ್‌ನಲ್ಲಿ ಕನ್ನಡದ ಸೊನ್ನೆಯ ನಂಬರು 3302. ಒಂದು 3303, ಎರಡು 3304, ಒಂಬತ್ತರವರೆಗೂ ಹೀಗೇ ಸಾಲಾಗಿ ನಿಂತಿವೆ. ಅಂದಮೇಲೆ 3302 ಕಳೆದರೆ ಸಾಕು. ಆರು ಸಾಲು ಎರಡಾಯಿತು. ಹುಡುಗಿಯ ಮುಖ ಅರಳಿತು. "ಇನ್ನೂ ಚಿಕ್ಕದಾಗತ್ತೆ, ಮುಂದಿನ ವಾರ ಬಾ" ಎಂದು ಕಳಿಸಿದೆ.

ಈ ಆಟಕ್ಕೆ ಕೋಡ್ ಗಾಲ್ಫ್ ಎಂದು ಹೆಸರು. ಗಾಲ್ಫಿನಲ್ಲಿ ಎಷ್ಟು ಕಡಿಮೆ ಹೊಡೆತಕ್ಕೆ ಚೆಂಡು ಗುಳಿ ಸೇರಿತು ಎಂಬುದೇ ಲೆಕ್ಕ. ಇಲ್ಲಿ ಎಷ್ಟು ಕಡಿಮೆ ಅಕ್ಷರಕ್ಕೆ ಉತ್ತರ ಬಂತು ಎಂಬುದು. ನಿಜವಾದ ಗಾಲ್ಫ್ ಮೈದಾನವೂ ನಮಗೆ ದೂರವಲ್ಲ. ಹಳೆಯ ಗುಮ್ಮಟಗಳ ನಡುವೆ ಹಸಿರು ಹಾಸಿಕೊಂಡಿರುವ ದೆಹಲಿ ಗಾಲ್ಫ್ ಕ್ಲಬ್ಬು ಲೋಧಿ ರಸ್ತೆಯಿಂದ ಸ್ವಲ್ಪ ಉತ್ತರಕ್ಕಿದೆ. ಆದರೆ ನನ್ನ ಆಟಕ್ಕೆ ಒಂದು ಮೇಜು ಸಾಕು. ಕಳೆದ ಶತಮಾನದ ಕೊನೆಗೆ ಪರ್ಲ್ ಭಾಷೆಯವರು ಇದಕ್ಕೆ ಈ ಹೆಸರಿಟ್ಟರು. ಆಟ ಅದಕ್ಕಿಂತ ಹಳೆಯದು. 1962ರಲ್ಲಿ ಕೆನೆತ್ ಐವರ್ಸನ್ ಪುಸ್ತಕ ಬರೆದು ಮುಂದಿಟ್ಟ ಚಿಹ್ನೆಗಳ ಭಾಷೆ ಎಪಿಎಲ್‌ನಲ್ಲಿ ಒಂದೇ ಸಾಲಿಗೆ ಇಡೀ ಪ್ರೋಗ್ರಾಮು ಮುಗಿಸುವುದು ಆಗಲೇ ಒಂದು ಹೆಮ್ಮೆಯ ಕೆಲಸವಾಗಿತ್ತು. 1995ರಲ್ಲಿ ಆಡಮ್ ಬ್ಯಾಕ್ ಎಂಬ ಇಂಗ್ಲಿಷ್ ತರುಣ ಆರ್‌ಎಸ್‌ಎ ಗೂಢಲಿಪಿಯನ್ನು ಪರ್ಲ್‌ನ ಮೂರು ಸಾಲಿಗೆ ಇಳಿಸಿದ. ಅಮೆರಿಕದ ಕಾನೂನಿನಲ್ಲಿ ಆಗ ಬಲವಾದ ಗೂಢಲಿಪಿಗೆ ಮದ್ದುಗುಂಡಿನ ಸಾಲಿನಲ್ಲೇ ಜಾಗ, ದೇಶದಾಚೆ ಕಳಿಸಲು ಲೈಸೆನ್ಸು ಬೇಕು. ಆ ಮೂರು ಸಾಲನ್ನು ಟೀ ಶರ್ಟಿನ ಮೇಲೆ ಅಚ್ಚು ಹಾಕಿಸಿಕೊಂಡು ಜನ ಓಡಾಡಿದರು. ಉದ್ದವಾಗಿದ್ದರೆ ಎದೆಯ ಮೇಲೆ ಹಿಡಿಸುತ್ತಿರಲಿಲ್ಲ.

ಅಕ್ಷರ ಉಳಿಸುವುದು ಎಂದರೆ ಹೆಸರುಗಳನ್ನು ಮೊಟಕು ಮಾಡುವುದು, ನಡುವಿನ ಜಾಗ ತೆಗೆಯುವುದು ಎಂದು ಹೊಸಬರು ತಿಳಿಯುತ್ತಾರೆ. ಅದು ಮೊದಲ ಅರ್ಧ ಗಂಟೆಯ ಕೆಲಸ. ಅದಾದ ಮೇಲೆ ಕತ್ತರಿಗೆ ಏನೂ ಸಿಗುವುದಿಲ್ಲ. ಒಗಟನ್ನೇ ತಿರುಗಿಸಿ ನೋಡಬೇಕಾಗುತ್ತದೆ. ಅಧಿಕ ವರ್ಷದ ಲೆಕ್ಕವನ್ನೇ ನೋಡಿ. ಶಾಲೆಯಲ್ಲಿ ಕಲಿಸಿದ ನಿಯಮಕ್ಕೆ ಮೂರು ಮೆಟ್ಟಿಲು: ನಾಲ್ಕರಿಂದ ಭಾಗವಾಗಬೇಕು, ನೂರರಿಂದ ಭಾಗವಾಗಬಾರದು, ಆದರೂ ನಾನೂರರಿಂದ ಭಾಗವಾದರೆ ಅಡ್ಡಿಯಿಲ್ಲ. ಅದನ್ನು ಹಾಗೇ ಬರೆದು ಎಷ್ಟು ಹಿಂಡಿದರೂ ಮೂರು ಮೆಟ್ಟಿಲು ಮೂರೇ. ಒಂದು ರಾತ್ರಿ ರಜಾಯಿಯೊಳಗೆ ಕೂತು ಇದನ್ನೇ ಯೋಚಿಸುತ್ತಿದ್ದಾಗ ನೂರು ಎಂದರೆ ನಾಲ್ಕು ಸಲ ಇಪ್ಪತ್ತೈದು, ನಾನೂರು ಎಂದರೆ ಹದಿನಾರು ಸಲ ಇಪ್ಪತ್ತೈದು ಎಂಬುದು ಕಣ್ಣಿಗೆ ಬಿತ್ತು. ನಿಯಮ ಬೇರೆಯದೇ ಆಯಿತು: ವರ್ಷ 25ರಿಂದ ಭಾಗವಾಗುವುದಾದರೆ 16ರಿಂದಲೂ ಭಾಗವಾಗಬೇಕು, ಇಲ್ಲದಿದ್ದರೆ 4ರಿಂದ ಭಾಗವಾದರೆ ಸಾಕು. 1900ನ್ನು 25 ಭಾಗಿಸುತ್ತದೆ, 16 ಭಾಗಿಸುವುದಿಲ್ಲ, ಅಧಿಕ ವರ್ಷವಲ್ಲ. 2000ವನ್ನು 16 ಸರಿಯಾಗಿ 125 ಸಲಕ್ಕೆ ಮುಗಿಸುತ್ತದೆ, ಅಧಿಕ ವರ್ಷ. 2024ಕ್ಕೆ 25ರ ಗೊಡವೆಯೇ ಇಲ್ಲ. ನೂರು, ನಾನೂರು ಎರಡೂ ಮಾಯವಾದವು. ಬೇರೆಯವರು ಎಷ್ಟೋ ಮೊದಲು ಕಂಡುಕೊಂಡಿದ್ದ ಉಪಾಯವಿದು ಎಂದು ಆಮೇಲೆ ತಿಳಿಯಿತು. ಅದರಿಂದ ಆ ರಾತ್ರಿಯ ಸಂತೋಷ ಕಡಿಮೆಯಾಗಲಿಲ್ಲ. ನಲವತ್ತು ವರ್ಷ ಬಾಯಿಪಾಠ ಹೇಳಿಕೊಂಡು ಬಂದ ನಿಯಮ ಅಂದು ಮೊದಲ ಸಲ ನನಗೆ ಅರ್ಥವಾಗಿತ್ತು.

ಈ ಹುಚ್ಚು ನನಗೆ ಬಂದದ್ದು ಕಂಪ್ಯೂಟರಿನಿಂದಲ್ಲ, ಅಪ್ಪಯ್ಯನಿಂದ.

ಅಪ್ಪಯ್ಯ ಅಂಚೆ ತಂತಿ ಇಲಾಖೆಯಲ್ಲಿ ಗುಮಾಸ್ತರು. ಸಾಗರದಿಂದ ದೆಹಲಿಗೆ ಬಂದು, ಕೆಲವು ವರ್ಷ ಕಾದ ಮೇಲೆ ಇದೇ ಕಾಲೋನಿಯಲ್ಲಿ ಕ್ವಾರ್ಟರು ಸಿಕ್ಕಿತು. 1940ರ ದಶಕದಲ್ಲಿ ಬ್ರಿಟಿಷರು ಸರ್ಕಾರಿ ನೌಕರರಿಗಾಗಿ ಕಟ್ಟಿಸಿದ ಮನೆಗಳು. ದಪ್ಪ ಗೋಡೆ, ಎತ್ತರದ ಕಮಾನು, ನಡುವೆ ಹುಲ್ಲಿನ ಅಂಗಳ. ಈಗ ಮೇಲೆಲ್ಲ ಬರೆದಿರುವ ಚಿತ್ರ ನೋಡಲು ಜನ ಬರುವ ಈ ಗೋಡೆಗಳೆಲ್ಲ ಆಗ ಬರೀ ಸುಣ್ಣದ ಗೋಡೆ. ಬೇಸಿಗೆಯ ರಾತ್ರಿ ಎಲ್ಲರ ಮಂಚವೂ ಅಂಗಳದಲ್ಲಿ. ಊರಿಗೆ ತಂತಿ ಕೊಡಬೇಕಾದವರು ಆ ಮಂಚದ ತುದಿಗೆ ಬಂದು ಕೂರುತ್ತಿದ್ದರು. ಇಷ್ಟು ಮಾತಿನವರೆಗೆ ಒಂದು ದರ, ಅದರಾಚೆಗೆ ಒಂದೊಂದು ಮಾತಿಗೂ ಬೇರೆ ಕಾಸು. ತಿಂಗಳ ಕೊನೆಯಲ್ಲಿ ಒಂದು ಮಾತು ಉಳಿದರೂ ಉಳಿದ ಹಾಗೆಯೇ.

ಒಂದು ಸಂಜೆ ನನಗೆ ಚೆನ್ನಾಗಿ ನೆನಪಿದೆ. ಪಕ್ಕದ ಬ್ಲಾಕಿನ ರಾಯರೊಬ್ಬರು ಹಾಳೆಯಲ್ಲಿ ಬರೆದುಕೊಂಡು ಬಂದಿದ್ದರು. ಮಗಳಿಗೆ ನೋಡಿದ ಗಂಡಿನ ಕಡೆಯವರು ಒಪ್ಪಿದ್ದಾರೆ, ಮಾಘ ಮಾಸದಲ್ಲಿ ಲಗ್ನ ಇಟ್ಟುಕೊಳ್ಳೋಣ ಎನ್ನುತ್ತಾರೆ, ನಿಮ್ಮ ಅಭಿಪ್ರಾಯ ಕೂಡಲೇ ತಿಳಿಸಬೇಕು ಎಂದು ಊರಿನ ಅಣ್ಣನಿಗೆ ತಂತಿ. ಅಪ್ಪಯ್ಯ ಪೆನ್ನು ತೆಗೆಯಲಿಲ್ಲ. ಕೇಳತೊಡಗಿದರು.

"ಗಂಡಿನ ಮನೆಗೆ ಹೋಗಿದ್ದು ನಿಮ್ಮಣ್ಣಂಗೆ ಗೊತ್ತಾ?"

"ಗೊತ್ತು, ಅವನೇ ಜಾತಕ ಕಳಿಸಿದ್ದು."

"ಬೇರೆ ಯಾವ ಸಂಬಂಧವಾದರೂ ನೋಡ್ತಾ ಇದೀರಾ?"

"ಇಲ್ಲ."

"ಮಾಘದಲ್ಲಿ ನಿಮ್ಮನೇಲಿ ಬೇರೆ ಏನಾದರೂ ಕಾರ್ಯ?"

"ಏನಿಲ್ಲ."

ಆಮೇಲೆ ಬರೆದರು: ಒಪ್ಪಿದರು ಮಾಘ ತಿಳಿಸಿ. ಮೂರು ಮಾತು, ಕನ್ನಡದ್ದೇ, ಇಂಗ್ಲಿಷ್ ಅಕ್ಷರದಲ್ಲಿ. ರಾಯರು ಎರಡು ಸಲ ಓದಿಕೊಂಡು, ಇಷ್ಟು ಸಾಕೇ ಎಂದು ಅನುಮಾನಪಟ್ಟು, ಸಾಕು ಎಂದು ತಾವೇ ಹೇಳಿಕೊಂಡು ಎದ್ದರು. ಯಾವ ಮಾತು ತೆಗೆಯಲಿ ಎಂದು ಅಪ್ಪಯ್ಯ ಒಮ್ಮೆಯೂ ಕೇಳಲಿಲ್ಲ ಎಂಬುದು ನನಗೆ ಬಹಳ ವರ್ಷಗಳ ಮೇಲೆ ಹೊಳೆಯಿತು. ಓದುವವನಿಗೆ ಆಗಲೇ ಏನೇನು ಗೊತ್ತು ಎಂದಷ್ಟೇ ಕೇಳಿದ್ದರು.

ತಂತಿಯ ಲೆಕ್ಕದಲ್ಲಿ ಕನ್ನಡದಷ್ಟು ಅಗ್ಗದ ಭಾಷೆ ಇಲ್ಲ ಎಂಬುದು ಅಪ್ಪಯ್ಯನ ದೊಡ್ಡ ಅಭಿಮಾನವಾಗಿತ್ತು. ಇಂಗ್ಲಿಷಿನಲ್ಲಿ ಮೂರು ಪದ ಬೇಕಾದಲ್ಲಿ ನಮ್ಮಲ್ಲಿ "ಹೊರಟಿದ್ದೇವೆ" ಎಂದರೆ ಆಯಿತು. ಯಾರು, ಏನು, ಯಾವಾಗ ಎಲ್ಲವೂ ಒಂದೇ ಪದದ ಹೊಟ್ಟೆಯೊಳಗೆ. "ಬರಬೇಡಿ" ಎಂಬುದೂ ಹಾಗೆಯೇ. ಆದರೆ ಕಂಪ್ಯೂಟರು ಎಣಿಸುವುದು ಪದಗಳನ್ನಲ್ಲ, ಬೈಟುಗಳನ್ನು. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು; ಇವತ್ತು ಎಲ್ಲೆಡೆ ಬಳಸುವ ಯುಟಿಎಫ್-8 ರೀತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು. ಗುಣಿತ, ಒತ್ತು, ಅರ್ಧಾಕ್ಷರದ ಗುರುತು ಎಲ್ಲವೂ ಬೇರೆ ಬೇರೆ ಚಿಹ್ನೆ. "ಹೊರಟಿದ್ದೇವೆ" ಎಂಬ ಒಂದು ಪದಕ್ಕೆ 33 ಬೈಟು. ಬಾಯಲ್ಲಿ ಒಂದೇ ಉಸಿರಿಗೆ ಮುಗಿಯುವ "ಸ್ತ್ರೀ" ಎಂಬ ಒಂದೇ ಅಕ್ಷರಕ್ಕೆ 18. ಅಪ್ಪಯ್ಯನ ಅಳತೆಯಲ್ಲಿ ಅತ್ಯಂತ ಅಗ್ಗವಾದದ್ದು ನನ್ನ ಅಳತೆಯಲ್ಲಿ ಅತ್ಯಂತ ದುಬಾರಿ. ಪೈಥಾನ್‌ನಲ್ಲಿ ಚರಾಕ್ಷರಕ್ಕೆ "ಕ" ಎಂದು ಹೆಸರಿಡಲು ಅಡ್ಡಿಯಿಲ್ಲ, ಓದುವುದಕ್ಕೂ ಚೆನ್ನ, ಆದರೆ ಬಳಸಿದಲ್ಲೆಲ್ಲ ಎರಡೆರಡು ಬೈಟು ನಷ್ಟ. ಹುಡುಗಿ ಬರೆದ ಹತ್ತು ಅಂಕಿಗಳ ಪಟ್ಟಿಗೆ 30 ಬೈಟು ಹೋಗಿತ್ತು. ಅದರ ಜಾಗದಲ್ಲಿ ಕೂತ 3302ಕ್ಕೆ ನಾಲ್ಕೇ.

ಅಪ್ಪಯ್ಯನ ಕಚೇರಿಯಲ್ಲಿ ಇನ್ನೂ ಚಿಕ್ಕದೊಂದು ವಿದ್ಯೆ ಇತ್ತು. ಮದುವೆ, ದೀಪಾವಳಿ, ಪರೀಕ್ಷೆ ಪಾಸಾದದ್ದು, ಇಂಥ ಶುಭಾಶಯದ ವಾಕ್ಯಗಳನ್ನೆಲ್ಲ ಪಟ್ಟಿ ಮಾಡಿ ಇಲಾಖೆ ಒಂದೊಂದಕ್ಕೂ ನಂಬರು ಕೊಟ್ಟಿತ್ತು. ಇಲ್ಲಿಂದ ಹೋಗುತ್ತಿದ್ದದ್ದು ಬರೀ ನಂಬರು. ಅಲ್ಲಿಯ ತಂತಿ ಮನೆಯಲ್ಲಿ ಅದೇ ಪಟ್ಟಿ ನೋಡಿ ಪೂರ್ತಿ ವಾಕ್ಯ ಬರೆದುಕೊಡುತ್ತಿದ್ದರು. ಪಿನ್‌ಕೋಡೂ ಆ ಜಾತಿಯದೇ. 110003 ಎಂದರೆ ಲೋಧಿ ರಸ್ತೆಯ ಅಂಚೆ ಕಚೇರಿ, ದೆಹಲಿ, ಉತ್ತರ ವಲಯ, ಎಲ್ಲ ಸೇರಿತು. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಈ ಆರು ಅಂಕಿಯ ಏರ್ಪಾಟನ್ನು ರೂಪಿಸಿದವರು ಶ್ರೀರಾಮ ಭಿಕಾಜಿ ವೇಲಣಕರ್. ಅವರು ಸಂಸ್ಕೃತದ ಕವಿ. ನನಗೆ ಇದು ಆಕಸ್ಮಿಕ ಅನ್ನಿಸುವುದಿಲ್ಲ.

ಯಾಕೆಂದರೆ ಈ ಆಟವನ್ನು ಜಗತ್ತಿನಲ್ಲೇ ಅತಿ ಚೆನ್ನಾಗಿ ಆಡಿದವರು ಸಂಸ್ಕೃತದ ವೈಯಾಕರಣರು. ಅರ್ಧ ಮಾತ್ರೆ ಉಳಿದರೂ ಅವರಿಗೆ ಗಂಡು ಮಗು ಹುಟ್ಟಿದಷ್ಟು ಹಿಗ್ಗು ಎಂಬ ಮಾತು ಅವರ ಶಾಸ್ತ್ರದಲ್ಲೇ ಬಂದಿದೆ. ಪಾಣಿನಿ ಒಂದು ಭಾಷೆಯ ವ್ಯಾಕರಣವನ್ನೆಲ್ಲ ಸುಮಾರು ನಾಲ್ಕು ಸಾವಿರ ಸೂತ್ರಗಳಿಗೆ ಇಳಿಸಿದ. ಕಟ್ಟಕಡೆಯ ಸೂತ್ರದಲ್ಲಿ ಅಕಾರ ಎರಡು ಸಲ ಬಂದರೆ ಮುಗಿಯಿತು. ನಮ್ಮ ಭಟ್ಟಾಕಳಂಕ 1604ರಲ್ಲಿ ಅದೇ ದಾರಿ ಹಿಡಿದು ಕನ್ನಡದ ವ್ಯಾಕರಣವನ್ನು 592 ಸಂಸ್ಕೃತ ಸೂತ್ರಗಳಲ್ಲಿ ಹೇಳಿದ. ಸ್ವರಗಳೆಲ್ಲ ಎನ್ನಲು "ಅಚ್", ವ್ಯಂಜನಗಳೆಲ್ಲ ಎನ್ನಲು "ಹಲ್" ಎಂದು ನಾವೂ ಶಾಲೆಯಲ್ಲಿ ಕಲಿತಿದ್ದೇವೆ. ಆ ಒಂದು ಅಕ್ಷರಕ್ಕೆ ಅಷ್ಟು ಶಕ್ತಿ ಬಂದದ್ದು ಎಲ್ಲಿಂದ? ಅಕ್ಷರಗಳನ್ನೆಲ್ಲ ಬೇಕಾದ ಅನುಕ್ರಮದಲ್ಲಿ ಜೋಡಿಸಿದ ಹದಿನಾಲ್ಕು ಮಾಹೇಶ್ವರ ಸೂತ್ರಗಳು ಮೊದಲೇ ಸಿದ್ಧವಾಗಿದ್ದದ್ದರಿಂದ. ಶಿಷ್ಯನಿಗೆ ಅದು ಕಂಠಸ್ಥ. ತಂತಿ ಮನೆಯ ಗೋಡೆಯ ಪಟ್ಟಿಯ ಹಾಗೆ.

ಆ ಮೂರು ಸಾಲಿನ ಗೂಢಲಿಪಿಯೂ ಹೀಗೇ. ನೂರಾರು ಅಂಕಿಗಳ ಸಂಖ್ಯೆಗಳನ್ನು ಗುಣಿಸುವ ಭಾರವನ್ನು ಅದು ಯುನಿಕ್ಸ್‌ನೊಳಗೆ ಮೊದಲಿಂದಲೂ ಇದ್ದ ಡಿಸಿ ಎಂಬ ಹಳೆಯ ಲೆಕ್ಕದ ಪ್ರೋಗ್ರಾಮಿನ ಹೆಗಲಿಗೆ ಹಾಕಿತ್ತು. ಈ ಆಟಕ್ಕೆಂದೇ ಹುಟ್ಟಿರುವ ಗಾಲ್ಫ್‌ಸ್ಕ್ರಿಪ್ಟ್, ಜೆಲ್ಲಿಯಂಥ ಭಾಷೆಗಳಲ್ಲಿ ಒಂದೊಂದು ಚಿಹ್ನೆಗೂ ಒಂದೊಂದು ದೊಡ್ಡ ಕೆಲಸ ಮೊದಲೇ ಒಪ್ಪಿಸಿಟ್ಟಿರುತ್ತಾರೆ. 1960ರ ದಶಕದಲ್ಲಿ ರಷ್ಯದ ಗಣಿತಜ್ಞ ಕೊಲ್ಮೊಗೊರೊವ್, ಒಂದು ವಸ್ತುವಿನಲ್ಲಿ ಎಷ್ಟು ಮಾಹಿತಿ ಇದೆ ಎಂಬುದಕ್ಕೆ ಅದನ್ನು ಬರೆಯಬಲ್ಲ ಅತಿ ಚಿಕ್ಕ ಪ್ರೋಗ್ರಾಮಿನ ಉದ್ದವೇ ಅಳತೆ ಎಂದ. ಯಾವ ಯಂತ್ರಕ್ಕೆ ಹೇಳುತ್ತೀರಿ ಎಂಬುದರ ಮೇಲೆ ಆ ಉದ್ದ ಸ್ವಲ್ಪ ಬದಲಾಗುತ್ತದೆ ಎಂಬುದೂ ಅದರೊಳಗೇ ಇದೆ. ಯಾವ ಒಗಟಿಗೇ ಆಗಲಿ, ಇದಕ್ಕಿಂತ ಚಿಕ್ಕದು ಇಲ್ಲ ಎಂದು ತೀರ್ಮಾನಿಸಿಕೊಡುವ ಸಾಮಾನ್ಯ ವಿಧಾನ ಇರಲಾರದು ಎಂಬುದೂ ಆ ಗಣಿತದ ಫಲವೇ. ಹಾಗಾಗಿ ರಾತ್ರಿ ದೀಪ ಆರಿಸಿದ ಮೇಲೂ ಇನ್ನೊಂದು ಅಕ್ಷರ ಎಲ್ಲೋ ಉಳಿದಿದೆ ಅನ್ನಿಸುತ್ತಲೇ ಇರುತ್ತದೆ.

ಕಚೇರಿಯಲ್ಲಿ ನಾನು ಈ ಆಟ ಆಡುವುದಿಲ್ಲ. ಅಲ್ಲಿ ಓದುವವರಿಗೆ ಏನು ಗೊತ್ತು, ಏನು ಗೊತ್ತಿಲ್ಲ ಎಂಬುದು ನನಗೆ ತಿಳಿಯದು. ಗಾಲ್ಫಿನಲ್ಲಿ ಸಂಖ್ಯೆಗೆ ಒಂದು ಕೂಡಿಸಲು ಅದರ ಮುಂದೆ -~ ಎಂದು ಬರೆಯುವುದುಂಟು. ~ ಎಂಬುದು ಬಿಟ್ಟುಗಳನ್ನೆಲ್ಲ ತಿರುಗಿಸಿ 7ನ್ನು -8 ಮಾಡುತ್ತದೆ, ಋಣ ಚಿಹ್ನೆ ಅದನ್ನು 8 ಮಾಡುತ್ತದೆ. ಪಕ್ಕದ ಪದದ ನಂತರ ಬಿಡಬೇಕಾದ ಒಂದು ಜಾಗ ಉಳಿಯುತ್ತದೆ. ಇಂಥದೊಂದು ಸಾಲನ್ನು ಹಿಂದೊಮ್ಮೆ ಕೆಲಸದ ಪ್ರೋಗ್ರಾಮಿನಲ್ಲಿ ಬಿಟ್ಟಿದ್ದೆ. ನಾನು ರಜೆಯಲ್ಲಿದ್ದಾಗ ಸಹೋದ್ಯೋಗಿಯೊಬ್ಬರು ಅದರ ಎದುರು ಎರಡು ದಿನ ಕೂರಬೇಕಾಯಿತಂತೆ. ಈಗ ಅಲ್ಲಿ ಒಂದೊಂದು ಸಾಲಿಗೂ ಟಿಪ್ಪಣಿ ಬರೆಯುತ್ತೇನೆ. ಅಪ್ಪಯ್ಯನೂ ಅಷ್ಟೇ, ಊರಿಗೆ ಕಾಗದ ಬರೆದರೆ ಇನ್‌ಲ್ಯಾಂಡಿನ ಮೂರು ಮಡಿಕೆಯನ್ನೂ ತುಂಬಿಸಿ ಅಂಚಿನಲ್ಲೂ ಬರೆಯುತ್ತಿದ್ದರು.

ಮುಂದಿನ ಭಾನುವಾರ ಹುಡುಗಿ ಬಂದಾಗ ಬಿಸಿಲು ಚೆನ್ನಾಗಿ ಕಾದಿತ್ತು. "ಎರಡು ಸಾಲಿಗಿಂತ ಕಡಿಮೆ ಆಗಲ್ಲ ಅಂಕಲ್" ಎಂದಳು. ಪೈಥಾನ್‌ನಲ್ಲಿ ಅಕ್ಷರಗಳ ಸಾಲನ್ನು ಸಂಖ್ಯೆ ಮಾಡಲು ಮೊದಲ ದಿನವೇ ಕಲಿಸುವ ಶಬ್ದವೊಂದಿದೆ, ಇಂಟ್. "ಅದಕ್ಕೇ ಕನ್ನಡದ ಅಂಕಿ ಕೊಟ್ಟು ನೋಡಿದ್ದೀಯಾ?" ಎಂದೆ. ಇಲ್ಲ ಎಂದು ತಲೆಯಾಡಿಸಿ, ನಂಬಿಕೆಯಿಲ್ಲದೆ, ೨೦೨೪ ಎಂದು ಒತ್ತಿದಳು. 2024 ಎಂದು ಬಂತು. ಇನ್ನೊಮ್ಮೆ ಒತ್ತಿದಳು. ೧೯೫೬, ೭೮೬, ೦೦೭, ಎಲ್ಲವೂ ಸರಿ ಬಂದವು. ಇಡೀ ಪ್ರೋಗ್ರಾಮು ಮೂರು ಇಂಗ್ಲಿಷ್ ಅಕ್ಷರ.

"ಇದು ಮೋಸ ಅಲ್ವಾ? ನಾನು ಏನೂ ಮಾಡಲೇ ಇಲ್ಲ" ಎಂದಳು. ಗಂಭೀರವಾಗಿಯೇ ಕೇಳಿದ ಪ್ರಶ್ನೆ, ಹಾಗಾಗಿ ಕೂರಿಸಿ ಹೇಳಿದೆ. 1991ರಲ್ಲಿ ಯೂನಿಕೋಡ್‌ನ ಮೊದಲ ಆವೃತ್ತಿ ಬಂದಾಗಲೇ ಅದರಲ್ಲಿ ಕನ್ನಡ ಇತ್ತು. ಅದಕ್ಕೆ ಆಧಾರ, ಭಾರತದ ಲಿಪಿಗಳನ್ನೆಲ್ಲ ಒಂದೇ ಚೌಕಟ್ಟಿಗೆ ತಂದು ಇಲ್ಲಿಯವರೇ ಮಾಡಿದ್ದ ಇಸ್ಕಿ. ೭ ಎಂಬುದು ಬರಿಯ ಆಕಾರವಲ್ಲ, ಅದರ ಬೆಲೆ ಏಳು ಎಂದು ಆ ಪಟ್ಟಿಯಲ್ಲಿ ಯಾರೋ ಕೂತು ದಾಖಲಿಸಿದರು. ತಮಿಳು, ಬಂಗಾಳಿ, ಅರಬ್ಬಿ, ಎಲ್ಲದರ ಅಂಕಿಗಳಿಗೂ ಹಾಗೇ ಮಾಡಿದರು. ಆ ದಾಖಲೆಯನ್ನು ಓದುವಂತೆ ಪೈಥಾನ್ ಮಾಡಿದವರು ಬೇರೆ. "ನಿನ್ನ ನಲವತ್ತೊಂದು ಸಾಲು ಎಲ್ಲೂ ಹೋಗಿಲ್ಲ, ಅವರು ಬರೆದಿಟ್ಟಿದ್ದಾರೆ. ಅವರು ಬರೆದದ್ದು ಅದಕ್ಕಿಂತ ಬಹಳ ಉದ್ದ" ಎಂದೆ. ಅವಳು ಶಾಲೆಯ ಪುಸ್ತಕ ತೆಗೆದು ಪುಟದ ಕೆಳಗಿದ್ದ ೪೩ ಎಂಬುದನ್ನು ಬೆರಳಿಟ್ಟು ನೋಡಿದಳು. ಆಮೇಲೆ ತನ್ನ ಹಳೆಯ ನಲವತ್ತೊಂದು ಸಾಲನ್ನು ಅಳಿಸದೆ ಬೇರೆ ಹೆಸರಿನಲ್ಲಿ ಉಳಿಸಿಟ್ಟಳು.

ಅವಳು ಹೋದ ಮೇಲೆ ಕಪಾಟಿನಿಂದ ಹಳೆಯ ತಂತಿಯ ಕಾಗದವೊಂದನ್ನು ತೆಗೆದು ನೋಡಿದೆ. 1850ರಲ್ಲಿ ಕಲ್ಕತ್ತೆಗೂ ಡೈಮಂಡ್ ಹಾರ್ಬರಿಗೂ ನಡುವೆ ಶುರುವಾದ ತಂತಿ, 2013ರ ಜುಲೈ 14ರ ರಾತ್ರಿ ದೇಶದಲ್ಲೆಲ್ಲ ನಿಂತಿತು. ಅಂದು ಭಾನುವಾರ. ಜನಪಥದ ಕೇಂದ್ರ ತಂತಿ ಕಚೇರಿಯಲ್ಲಿ ಕೊನೆಯ ತಂತಿ ಕಳಿಸುವವರ ಸಾಲಿನಲ್ಲಿ ನಾನೂ ನಿಂತೆ. ಅಪ್ಪಯ್ಯ ನಿವೃತ್ತರಾಗಿ ಸಾಗರಕ್ಕೆ ಹೋಗಿ ಬಹಳ ವರ್ಷವಾಗಿತ್ತು. ಸುತ್ತಲಿನವರು ಉದ್ದುದ್ದ ಬರೆಯುತ್ತಿದ್ದರು, ನೆನಪಿಗೆಂದು, ತಮ್ಮ ಮಕ್ಕಳಿಗೆ, ತಮಗೇ. ನಾನು ಫಾರಂ ಹಿಡಿದು ಮೊದಲು ಐದು ಮಾತು ಬರೆದೆ. ಯಾವ ರೈಲು ಎಂದು ಅವರಿಗೆ ಗೊತ್ತು, ನಾನು ಹತ್ತುವುದು ಕರ್ನಾಟಕ ಎಕ್ಸ್‌ಪ್ರೆಸ್ ಒಂದೇ. ಎಂದು ತಲುಪುತ್ತೇನೆ ಎಂಬುದು ರೈಲು ಗೊತ್ತಿದ್ದರೆ ಗೊತ್ತು. ಯಾಕೆ ಎಂದು ಕೇಳುವವರಲ್ಲ. ಒಂದೊಂದಾಗಿ ಹೊಡೆದುಹಾಕಿ, ಉಳಿದ ಒಂದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕೊಟ್ಟೆ: ಹೊರಟೆ.

ಬುಧವಾರ ಬೆಳಗ್ಗೆ ಸಾಗರದಲ್ಲಿ ಬಸ್ಸಿಳಿದಾಗ ಮಳೆ ಹಿಡಿದು ಸುರಿಯುತ್ತಿತ್ತು. ಅಪ್ಪಯ್ಯ ಜಗಲಿಯಲ್ಲಿ ಕೂತಿದ್ದರು, ತಂತಿಯ ಕಾಗದ ಮಡಿಸಿ ಅಂಗಿಯ ಜೇಬಿನಲ್ಲಿತ್ತು. ಅಮ್ಮ ಒಳಗಿಂದಲೇ ಕೂಗಿದರು, "ಬಂದ್ಯಾ? ಕೈಕಾಲು ತೊಳ್ಕಂಡು ಬಾ, ಕಾವಲಿ ಕಾದಿದೆ." ಸೌತೆಕಾಯಿ ತೆಳ್ಳೇವಿಗೆ ಅಕ್ಕಿಯನ್ನು ಹಿಂದಿನ ಸಂಜೆಯೇ ನೆನೆಹಾಕಿದ್ದರು.